ಬೆರಳಿನ ಚಳಿಗೆ ಎದೆಯಲ್ಲಿ ಮದ್ದು: ಬೈಕ್ ಸವಾರರ ಹೀಟೆಡ್ ಉಡುಪಿನ ಆಯ್ಕೆ

ಮೋಟಾರ್ ಸೈಕಲ್ ಸವಾರರನ್ನು ಕಾಡುವ ಚಳಿ ಕಾಲ್ನಡಿಗೆಯವರ ಚಳಿಗಿಂತ ಬೇರೆ ಬಗೆಯದು. ನಡೆಯುವವರ ಮತ್ತು ಸೈಕಲ್ ತುಳಿಯುವವರ ಸ್ನಾಯುಗಳು ದುಡಿಯುತ್ತಲೇ ಶಾಖವನ್ನು ಹುಟ್ಟಿಸುತ್ತವೆ. ಬೈಕಿನ ಮೇಲೆ ಕುಳಿತವರ ದೇಹವಾದರೋ ಗಂಟೆಗಟ್ಟಲೆ ಹೆಚ್ಚು ಅಲುಗಾಡದೆ ಇರುವುದರಿಂದ, ಕುರ್ಚಿಯಲ್ಲಿ ಸುಮ್ಮನೆ ಕುಳಿತ ಮನುಷ್ಯನ ದೇಹ ಉತ್ಪಾದಿಸುವ ಸುಮಾರು 100 ವ್ಯಾಟ್ ಶಾಖಕ್ಕಿಂತ ಬಹಳ ಹೆಚ್ಚೇನನ್ನೂ ಉತ್ಪಾದಿಸುವುದಿಲ್ಲ. ಅದೇ ವೇಳೆಗೆ ಎದುರಿನಿಂದ ನುಗ್ಗುವ ಗಾಳಿ, ಚರ್ಮಕ್ಕೆ ಅಂಟಿಕೊಂಡಿರುವ ಬೆಚ್ಚನೆಯ ಗಾಳಿಯ ತೆಳು ಪದರವನ್ನು ಬಿಡುವಿಲ್ಲದೆ ಕಿತ್ತೊಯ್ಯುತ್ತಿರುತ್ತದೆ. ಹುಟ್ಟುವ ಶಾಖ ಕಡಿಮೆ, ಕಳೆದುಹೋಗುವ ಶಾಖ ಹೆಚ್ಚು; ಸವಾರಿ ಉದ್ದವಾದಷ್ಟೂ ಈ ಕೊರತೆ ಬೆಳೆಯುತ್ತಲೇ ಹೋಗುತ್ತದೆ.

ಗಾಳಿಯಿಂದಾಗುವ ಈ ನಷ್ಟವನ್ನು ಅಂದಾಜು ಮಾಡಲು ಹವಾಮಾನ ಶಾಸ್ತ್ರದಲ್ಲಿ ‘ವಿಂಡ್ ಚಿಲ್’ ಎಂಬ ಸೂಚ್ಯಂಕವಿದೆ. ಇಂಥ ತಾಪಮಾನದಲ್ಲಿ ಇಷ್ಟು ವೇಗದ ಗಾಳಿ ಬೀಸಿದರೆ, ತೆರೆದ ಚರ್ಮಕ್ಕೆ ಗಾಳಿಯಿಲ್ಲದ ಯಾವ ತಾಪಮಾನದ ಅನುಭವವಾಗುತ್ತದೆ ಎಂಬುದನ್ನು ಅದು ಹೇಳುತ್ತದೆ. ಅಂಟಾರ್ಕ್ಟಿಕಾದ ಶಿಬಿರದಲ್ಲಿ ಪಾಲ್ ಸೈಪಲ್ ಮತ್ತು ಚಾರ್ಲ್ಸ್ ಪ್ಯಾಸೆಲ್ ನಡೆಸಿದ ಪ್ರಯೋಗಗಳಿಂದ ಹುಟ್ಟಿ 1945ರಲ್ಲಿ ಪ್ರಕಟವಾದ ಈ ಲೆಕ್ಕವನ್ನು ಅಮೆರಿಕ ಮತ್ತು ಕೆನಡಾ ದೇಶಗಳು 2001ರಲ್ಲಿ ಪರಿಷ್ಕರಿಸಿದವು. ಪರಿಷ್ಕೃತ ಸೂತ್ರದಂತೆ 5 ಡಿಗ್ರಿ ಸೆಲ್ಸಿಯಸ್ ಚಳಿಯಲ್ಲಿ ಗಂಟೆಗೆ 80 ಕಿ.ಮೀ. ವೇಗದ ಗಾಳಿಗೆ ಒಡ್ಡಿದ ಮುಖಕ್ಕೆ ಮೈನಸ್ 3 ಡಿಗ್ರಿಯ ಅನುಭವವಾಗುತ್ತದೆ; ಸೊನ್ನೆ ಡಿಗ್ರಿಯಲ್ಲಿ 100 ಕಿ.ಮೀ. ವೇಗವಾದರೆ ಅದು ಮೈನಸ್ 11ರ ಹತ್ತಿರ ಇಳಿಯುತ್ತದೆ. ಈ ಲೆಕ್ಕ ತೆರೆದ ಚರ್ಮಕ್ಕೆ ಮಾತ್ರ ಅನ್ವಯಿಸುತ್ತದೆಂಬುದನ್ನು ಮರೆಯಬಾರದು. ಗಾಳಿ ತೂರದ ಒಂದು ಹೊರಜಾಕೆಟ್ ಈ ನಷ್ಟದ ದೊಡ್ಡ ಪಾಲನ್ನು ತಡೆಯುವುದರಿಂದ, ಅಂಥ ಜಾಕೆಟ್ ಇಲ್ಲದವರು ವಿದ್ಯುತ್ತಿನ ಉಡುಪಿಗೆ ಹಣ ಹಾಕುವುದು ವ್ಯರ್ಥ. ಒಳಗೆ ಹುಟ್ಟಿದ ಶಾಖವೆಲ್ಲ ಹೊಲಿಗೆಯ ಸಂದುಗಳಿಂದ ರಸ್ತೆಗೆ ಸೋರಿಹೋಗುತ್ತದೆ.

ಚಳಿಯಲ್ಲಿ ಸವಾರಿ ಮಾಡಿದವರೆಲ್ಲ ಮೊದಲು ದೂರುವುದು ಬೆರಳುಗಳನ್ನು. ಅಂಗಡಿಗೆ ಹೋದಾಗ ಅವರು ಮೊದಲು ಕೇಳುವುದೂ ಸಹಜವಾಗಿಯೇ ಹೀಟೆಡ್ ಗ್ಲೌಸನ್ನು, ಅಂದರೆ ಒಳಗೆ ತಂತಿ ಹೆಣೆದು ವಿದ್ಯುತ್ತಿನಿಂದ ಬಿಸಿಯಾಗುವಂತೆ ಮಾಡಿದ ಕೈಗವಸನ್ನು. ಆಯ್ಕೆ ತಪ್ಪುವುದು ಬಹುಮಟ್ಟಿಗೆ ಇಲ್ಲಿಯೇ. ಬೆರಳು ತಣ್ಣಗಾಗುವುದಕ್ಕೆ ಗಾಳಿಯೊಂದೇ ಕಾರಣವಲ್ಲ, ದೇಹ ತಾನಾಗಿ ಕೈಗೊಳ್ಳುವ ಒಂದು ತೀರ್ಮಾನವೂ ಅದಕ್ಕೆ ಕಾರಣ. ಹೃದಯ, ಶ್ವಾಸಕೋಶ, ಯಕೃತ್ತುಗಳಿರುವ ದೇಹದ ಒಳಭಾಗವನ್ನು 37 ಡಿಗ್ರಿಯ ಆಸುಪಾಸಿನಲ್ಲಿ ಉಳಿಸಿಕೊಳ್ಳುವುದು ಜೀವಕ್ಕೆ ಅಗತ್ಯವಾದ್ದರಿಂದ, ಒಳಗಿನ ಶಾಖ ಕಡಿಮೆಯಾಗುವ ಸೂಚನೆ ಸಿಕ್ಕೊಡನೆ ಮಿದುಳು ಕೈಕಾಲುಗಳ ರಕ್ತನಾಳಗಳನ್ನು ಕಿರಿದುಗೊಳಿಸಿ, ಅಲ್ಲಿಗೆ ಹರಿಯುವ ಬಿಸಿರಕ್ತವನ್ನು ಹಿಡಿದಿಟ್ಟುಕೊಳ್ಳುತ್ತದೆ. ಬೆರಳ ತುದಿಗಳಲ್ಲಿ ಅಪಧಮನಿ ಮತ್ತು ಅಭಿಧಮನಿಗಳನ್ನು ನೇರವಾಗಿ ಜೋಡಿಸುವ ವಿಶೇಷ ಸಣ್ಣ ನಾಳಗಳು ದಟ್ಟವಾಗಿದ್ದು, ಸೆಖೆಯಲ್ಲಿ ಇವು ತೆರೆದುಕೊಂಡು ಶಾಖವನ್ನು ಹೊರಗೆ ಚೆಲ್ಲುತ್ತವೆ, ಚಳಿಯಲ್ಲಿ ಬಿಗಿಯಾಗಿ ಮುಚ್ಚಿಕೊಳ್ಳುತ್ತವೆ. ಮುಚ್ಚಿದ ಮೇಲೆ ಬೆರಳಿಗೆ ಸ್ವಂತ ಶಾಖವೆಂಬುದು ಬಹುತೇಕ ಇರುವುದಿಲ್ಲ. ಎಷ್ಟು ದಪ್ಪದ ಕೈಗವಸು ತೊಟ್ಟರೂ ಅದು ಉಳಿಸಿಕೊಡುವುದಕ್ಕೆ ಒಳಗೆ ಏನಾದರೂ ಇರಬೇಕಲ್ಲ!

ಇದನ್ನು ಬಹಳ ಚೆನ್ನಾಗಿ ತೋರಿಸಿಕೊಟ್ಟದ್ದು 1990ರ ದಶಕದಲ್ಲಿ ಕೆನಡಾದ ರಕ್ಷಣಾ ಸಂಶೋಧಕರು ನಡೆಸಿದ ಪ್ರಯೋಗಗಳು. ಮೈನಸ್ 25 ಡಿಗ್ರಿಯ ಕೋಣೆಯಲ್ಲಿ ದಪ್ಪ ಉಡುಪು ತೊಡಿಸಿ ಕೂರಿಸಿದವರ ಕೈಗಳಿಗೆ ಏನನ್ನೂ ತೊಡಿಸದೆ, ಮುಂಡಭಾಗವನ್ನು, ಅಂದರೆ ಎದೆ, ಹೊಟ್ಟೆ, ಬೆನ್ನುಗಳನ್ನು ಮಾತ್ರ ವಿದ್ಯುತ್ತಿನಿಂದ ಬೆಚ್ಚಗಿರಿಸಿದಾಗ, ಬರಿಗೈಯ ಬೆರಳುಗಳೂ ಹಿತವಾಗಿ ಬೆಚ್ಚಗೇ ಉಳಿದವು. ಒಳಗೆ ಶಾಖ ಮಿಕ್ಕಿದೆ ಎಂದು ತಿಳಿದ ದೇಹ ಅದನ್ನು ಬೆರಳುಗಳ ದಾರಿಯಲ್ಲಿ ತಾನೇ ಹೊರಗೆ ಕಳಿಸುತ್ತದೆ. ಬೈಕಿನ ಮೇಲೆ ಗಾಳಿಯೂ ಇರುವುದರಿಂದ ಕೈಗವಸನ್ನು ಕಳಚಿಡಬಹುದೆಂದು ಇದರಿಂದ ತೀರ್ಮಾನಿಸಲಾಗದು. ಆದರೆ ಒಂದೇ ವಸ್ತುವಿಗೆ ಹಣವಿರುವ ಸವಾರರು ಮೊದಲು ಕೊಳ್ಳಬೇಕಾದದ್ದು ಹೀಟೆಡ್ ಜಾಕೆಟ್ಟನ್ನೇ ಅಥವಾ ತೋಳಿಲ್ಲದ ಹೀಟೆಡ್ ವೆಸ್ಟನ್ನೇ ಹೊರತು ಕೈಗವಸನ್ನಲ್ಲ ಎಂಬುದು ಇದರಿಂದ ಖಚಿತವಾಗುತ್ತದೆ. 75 ವ್ಯಾಟ್ ಬಳಸುವ ಒಂದು ಜಾಕೆಟ್, ಸುಮ್ಮನೆ ಕುಳಿತ ದೇಹ ಸ್ವತಃ ಹುಟ್ಟಿಸುವ ಶಾಖದ ಮುಕ್ಕಾಲು ಪಾಲಿನಷ್ಟನ್ನು ಹೊರಗಿನಿಂದ ಸೇರಿಸುತ್ತದೆ. ಉಣ್ಣೆಯ ಯಾವ ಸ್ವೆಟರೂ ಹೀಗೆ ಮಾಡಲಾರದು. ಉಣ್ಣೆ ನಷ್ಟವನ್ನು ನಿಧಾನಗೊಳಿಸುತ್ತದೆಯಷ್ಟೇ, ಶಾಖವನ್ನು ಹುಟ್ಟಿಸುವುದಿಲ್ಲ.

ಹೀಟೆಡ್ ಉಡುಪು ಐಷಾರಾಮದ ವಸ್ತುವೆಂಬ ಭಾವನೆ ಸವಾರರಲ್ಲಿಯೇ ಇನ್ನೂ ಉಳಿದಿರುವುದು ವಿಷಾದದ ಸಂಗತಿ. ಬೆರಳ ಚರ್ಮ 15 ಡಿಗ್ರಿಗಿಂತ ತಣ್ಣಗಾದಾಗ ಕೈಚಳಕ ಸ್ಪಷ್ಟವಾಗಿ ಕುಗ್ಗುತ್ತದೆ. ಇನ್ನೂ ಇಳಿದರೆ ಸ್ಪರ್ಶವೇ ಮಂಕಾಗುತ್ತದೆ. ಮುಂದಿನ ಬ್ರೇಕನ್ನು ಎಷ್ಟು ಒತ್ತಲಾಗಿದೆ, ಕ್ಲಚ್ ಎಲ್ಲಿ ಹಿಡಿಯುತ್ತಿದೆ ಎಂಬುದನ್ನು ತಿಳಿಸುವುದು ಇದೇ ಬೆರಳುಗಳಾದ್ದರಿಂದ, ಮರಗಟ್ಟಿದ ಕೈ ತೇವದ ರಸ್ತೆಯಲ್ಲಿ ಸವೆದ ಟೈರಿಗಿಂತ ಕಡಿಮೆ ಅಪಾಯದ್ದೇನಲ್ಲ. ದೇಹದ ಒಳಗಿನ ತಾಪಮಾನ 35 ಡಿಗ್ರಿಗಿಂತ ಕೆಳಗಿಳಿಯುವ ಹೈಪೊಥರ್ಮಿಯಾ ಸ್ಥಿತಿಯಲ್ಲಂತೂ ವಿವೇಚನೆಯೇ ಮಸುಕಾಗುತ್ತದೆ. ಬೈಕ್ ನಿಲ್ಲಿಸಬೇಕೆಂದು ಹೊಳೆಯಬೇಕಾದ ಮನಸ್ಸೇ ಆ ಹೊತ್ತಿಗೆ ತೂಕಡಿಸಲು ತೊಡಗಿರುತ್ತದೆ.

ವಿದ್ಯುತ್ತಿನಿಂದ ಬಿಸಿಯಾಗುವ ಉಡುಪಿನ ಹುಟ್ಟು ರಸ್ತೆಯ ಮೇಲಾಗಲಿಲ್ಲ, ಆಕಾಶದಲ್ಲಾಯಿತು. ಮೊದಲನೆಯ ಮಹಾಯುದ್ಧದ ಕಾಲದ ತೆರೆದ ವಿಮಾನಗಳ ಚಾಲಕರಿಗಾಗಿ ಆರಂಭವಾದ ಪ್ರಯತ್ನಗಳು ಎರಡನೆಯ ಮಹಾಯುದ್ಧದಲ್ಲಿ ಬಲಗೊಂಡವು. ಎಂಟು ಸಾವಿರ ಮೀಟರ್ ಎತ್ತರದಲ್ಲಿ ಮೈನಸ್ 40 ಡಿಗ್ರಿಯ ಗಾಳಿಗೆ ಒಡ್ಡಿಕೊಂಡಿದ್ದ ಬಾಂಬರ್ ವಿಮಾನಗಳ ಗನ್ನರುಗಳಿಗೆಂದು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿ, ವಿದ್ಯುತ್ ಕಂಬಳಿಯ ತಂತ್ರವನ್ನೇ ಬಳಸಿ ಸೂಟುಗಳನ್ನು ತಯಾರಿಸಿತು. ಆರಂಭದ ಸೂಟುಗಳಲ್ಲಿ ಜಾಕೆಟ್, ಕೈಗವಸು, ಕಾಲುಚೀಲಗಳ ತಂತಿಗಳನ್ನು ಒಂದರ ಹಿಂದೆ ಒಂದರಂತೆ ಸರಣಿಯಲ್ಲಿ ಜೋಡಿಸಲಾಗಿತ್ತು. ಎಲ್ಲೋ ಒಂದು ಕಡೆ ತಂತಿ ತುಂಡಾದರೆ ಇಡೀ ಸೂಟು ತಣ್ಣಗಾಗುತ್ತಿತ್ತು. ಪ್ರತಿ ಭಾಗಕ್ಕೂ ಪ್ರತ್ಯೇಕ ದಾರಿಯಲ್ಲಿ ವಿದ್ಯುತ್ ಹರಿಯುವ ಸಮಾಂತರ ಜೋಡಣೆ ಬಂದ ಮೇಲೆಯೇ ಅವು ನೆಚ್ಚಿಕೆಗೆ ಅರ್ಹವಾದದ್ದು. ಈ ಪಾಠ ಇಂದಿಗೂ ಹಳತಾಗಿಲ್ಲ: ಕೈಗವಸು ಕೆಟ್ಟರೂ ಜಾಕೆಟ್ ಬಿಸಿಯಾಗಿಯೇ ಉಳಿಯುತ್ತದೆಯೇ ಎಂಬ ಪ್ರಶ್ನೆಯನ್ನು ಕೊಳ್ಳುವ ಮೊದಲು ಕೇಳಲೇಬೇಕು. 1970ರ ದಶಕದಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಬೋಯಿಂಗ್ ಕಂಪನಿಗೆ ಬಿಡಿಭಾಗ ಮಾಡಿಕೊಡುತ್ತಿದ್ದ ಗಾರ್ಡನ್ ಗರ್ಬಿಂಗ್, ಚಳಿಗಾಲದಲ್ಲೂ ಬೈಕಿನಲ್ಲೇ ಕೆಲಸಕ್ಕೆ ಬರುತ್ತಿದ್ದವರಿಗಾಗಿ ಇಂಥ ಉಡುಪು ತಯಾರಿಸಲು ತೊಡಗಿದ ಮೇಲೆ ಈ ವಿದ್ಯೆ ರಸ್ತೆಗಿಳಿದು ಒಂದು ಉದ್ಯಮವಾಯಿತು. ಜರ್ಮನಿಯ ಬವೇರಿಯನ್ ಅರಣ್ಯದಲ್ಲಿ ಹಿಮದ ನಡುವೆ ಡೇರೆ ಹಾಕಿ ಸಾವಿರಾರು ಸವಾರರು ಸೇರುವ, 1956ರಲ್ಲಿ ಆರಂಭವಾದ ಎಲೆಫಾಂಟೆನ್‌ಟ್ರೆಫೆನ್ ಎಂಬ ಚಳಿಗಾಲದ ಜಾತ್ರೆಯೂ ಇಂಥ ಉಡುಪಿಗೆ ಹೇಳಿ ಮಾಡಿಸಿದ ಜಾಗವೇ.

ಉಡುಪು ಬಿಸಿಯಾಗಬೇಕಾದರೆ ಬೈಕು ವಿದ್ಯುತ್ ಕೊಡಬೇಕು. ಆಯ್ಕೆಯ ನಿಜವಾದ ಮೊದಲ ಹೆಜ್ಜೆ ಅಂಗಡಿಯಲ್ಲಲ್ಲ, ಬೈಕಿನ ಮಾಲೀಕರ ಕೈಪಿಡಿಯಲ್ಲಿದೆ. ಎಂಜಿನ್ ತಿರುಗುವಾಗ ವಿದ್ಯುತ್ ಉತ್ಪಾದಿಸುವ ಯಂತ್ರಭಾಗಕ್ಕೆ ಆಲ್ಟರ್ನೇಟರ್ ಎನ್ನುತ್ತಾರೆ. ಅದರ ಸಾಮರ್ಥ್ಯವನ್ನು ಕೈಪಿಡಿ ವ್ಯಾಟ್‌ಗಳಲ್ಲಿ ನಮೂದಿಸಿರುತ್ತದೆ. ಬಿಎಂಡಬ್ಲ್ಯೂ ಆರ್ 1250 ಜಿಎಸ್‌ನಂಥ ದೊಡ್ಡ ಬೈಕಿನಲ್ಲಿ ಅದು 510 ವ್ಯಾಟ್. ಒಂದೇ ಸಿಲಿಂಡರಿನ ಸಾಧಾರಣ ಬೈಕುಗಳಲ್ಲಿ ಅದರ ಅರ್ಧವೂ ಇರುವುದು ಅಪರೂಪ. ಇದರಲ್ಲಿ ಸಿಗುವುದೆಲ್ಲ ಉಡುಪಿಗೆ ಮೀಸಲಲ್ಲ. ಹೆಡ್‌ಲೈಟ್, ಹಿಂದಿನ ದೀಪ, ಕಿಡಿ ಹೊತ್ತಿಸುವ ಇಗ್ನಿಷನ್, ಪೆಟ್ರೋಲ್ ತಳ್ಳುವ ಫ್ಯೂಯೆಲ್ ಪಂಪ್, ಎಂಜಿನ್ನಿನ ನಿಯಂತ್ರಣ ಪೆಟ್ಟಿಗೆಗಳೆಲ್ಲ ತಮ್ಮ ಪಾಲನ್ನು ಮೊದಲೇ ತೆಗೆದುಕೊಳ್ಳುತ್ತವೆ. ಉದಾಹರಣೆಗೆ 220 ವ್ಯಾಟ್ ಉತ್ಪಾದಿಸುವ ಬೈಕೊಂದು ತನಗೇ 120 ವ್ಯಾಟ್ ಬಳಸುವುದಾದರೆ ಉಳಿಯುವುದು 100. ಬ್ಯಾಟರಿ ಚಾರ್ಜ್ ಆಗಲೆಂದು ಅದರಲ್ಲೂ ಒಂದಿಷ್ಟನ್ನು ಬಿಟ್ಟರೆ 75 ವ್ಯಾಟಿನ ಜಾಕೆಟ್ಟಿಗೆ ಜಾಗವಿದೆ, ಅದರ ಜೊತೆ 25 ವ್ಯಾಟಿನ ಒಂದು ಜೊತೆ ಕೈಗವಸಿಗೆ ಇಲ್ಲವೆಂದೇ ಹೇಳಬೇಕು. ಹಳೆಯ ಹ್ಯಾಲೊಜೆನ್ ಹೆಡ್‌ಲೈಟಿನ ಬದಲು ಬೈಕಿಗೆ ಹೊಂದುವ ಎಲ್‌ಇಡಿ ದೀಪ ಹಾಕಿಸಿದರೆ ಹತ್ತಾರು ವ್ಯಾಟ್ ಉಳಿಯುತ್ತದೆ. ಅದು ಒಂದು ಜೊತೆ ಕೈಗವಸಿಗೆ ಸಾಕಾಗುವಷ್ಟು.

ಇನ್ನೊಂದು ಸೂಕ್ಷ್ಮವಿದೆ. ಕೈಪಿಡಿ ಹೇಳುವ ವ್ಯಾಟ್‌ಗಳು ಎಂಜಿನ್ ಸಾಕಷ್ಟು ವೇಗದಲ್ಲಿ ತಿರುಗುವಾಗಿನವು. ಸಿಗ್ನಲ್‌ನಲ್ಲಿ ನಿಂತಾಗ, ಹಿಮದಲ್ಲಿ ಸಿಕ್ಕಿಕೊಂಡ ವಾಹನಗಳ ಸಾಲಿನ ಹಿಂದೆ ತೆವಳುವಾಗ ಉತ್ಪಾದನೆ ಅದರ ಒಂದು ಪಾಲಿಗೆ ಇಳಿಯುತ್ತದೆ, ಆದರೆ ಜಾಕೆಟ್ಟಿನ ಬೇಡಿಕೆ ಇಳಿಯುವುದಿಲ್ಲ. ಕೊರತೆಯನ್ನು ತುಂಬುವುದು ಬ್ಯಾಟರಿ. ಸಣ್ಣ ಬೈಕಿನ ಬ್ಯಾಟರಿ ಹತ್ತು ಆಂಪಿಯರ್-ಗಂಟೆಯ ಆಸುಪಾಸಿನದು, ಅಂದರೆ ಒಂದು ಆಂಪಿಯರ್ ವಿದ್ಯುತ್ತನ್ನು ಹತ್ತು ಗಂಟೆ ಕೊಡಬಲ್ಲದು. 50 ವ್ಯಾಟಿನ ಕೊರತೆಯೆಂದರೆ ಸುಮಾರು ನಾಲ್ಕು ಆಂಪಿಯರ್. ಎರಡೂವರೆ ಗಂಟೆಯಲ್ಲಿ ಅದು ಬರಿದಾಗುತ್ತದೆ, ಸ್ಟಾರ್ಟರ್ ತಿರುಗಿಸುವ ಶಕ್ತಿ ಅದಕ್ಕೂ ಬಹಳ ಮುಂಚೆಯೇ ಹೋಗಿರುತ್ತದೆ. ಚಳಿಯಲ್ಲಿ ಬ್ಯಾಟರಿಯ ಸಾಮರ್ಥ್ಯವೇ ಕುಗ್ಗುವುದರಿಂದ ಈ ಅವಧಿ ಇನ್ನೂ ಕಿರಿದು. ಹ್ಯಾಂಡಲ್ ಬಳಿ ಒಂದು ಸಣ್ಣ ವೋಲ್ಟ್ ಮೀಟರ್ ಜೋಡಿಸಿಕೊಂಡರೆ ಊಹೆಯ ಅಗತ್ಯವಿಲ್ಲ: ಬೈಕು ಓಡುವಾಗ 13.5ರಿಂದ 14.5 ವೋಲ್ಟ್ ತೋರಿದರೆ ಚಾರ್ಜ್ ಆಗುತ್ತಿದೆ, 13ಕ್ಕಿಂತ ಕೆಳಗೆ ಇಳಿದು ಅಲ್ಲಿಯೇ ನಿಂತರೆ ಬ್ಯಾಟರಿ ಕರಗುತ್ತಿದೆ. ಆಗ ಉಡುಪಿನ ಬಿಸಿಯನ್ನು ತಗ್ಗಿಸಬೇಕು. ಇಷ್ಟು ಅಗ್ಗದ, ಇಷ್ಟು ಉಪಯುಕ್ತವಾದ ಸಾಧನವನ್ನು ಉಡುಪಿನ ಜೊತೆಗೇ ಕೊಳ್ಳುವಂತೆ ಮಾರಾಟಗಾರರು ಹೇಳಬೇಕಿತ್ತು.

ಉಡುಪಿನ ತಂತಿಯನ್ನು ಬೈಕಿನ ಬ್ಯಾಟರಿಗೆ ನೇರವಾಗಿ, ನಡುವೆ ತಯಾರಕರು ಸೂಚಿಸಿದ ಫ್ಯೂಸ್ ಇಟ್ಟು ಜೋಡಿಸುವುದೇ ಸರಿಯಾದ ಕ್ರಮ. ಮೊಬೈಲ್ ಚಾರ್ಜಿಗೆಂದು ಬೈಕಿನಲ್ಲಿ ಕೊಟ್ಟಿರುವ ಸಾಕೆಟ್ಟಿಗೆ ಚುಚ್ಚುವುದು ಸುಲಭವಾಗಿ ಕಂಡರೂ, 90 ವ್ಯಾಟಿನ ಜಾಕೆಟ್ ಸುಮಾರು ಏಳು ಆಂಪಿಯರ್ ಎಳೆಯುತ್ತದೆ, ಅನೇಕ ಸಾಕೆಟ್ಟುಗಳು ಐದು ಆಂಪಿಯರ್ ದಾಟಿದೊಡನೆ ವಿದ್ಯುತ್ತನ್ನು ಕಡಿದುಹಾಕುತ್ತವೆ. ಬೈಕಿಗೂ ಜಾಕೆಟ್ಟಿಗೂ ನಡುವಿನ ಪ್ಲಗ್ ಎಳೆದರೆ ಕಳಚಿಕೊಳ್ಳುವಂತಿರಬೇಕು. ಬೈಕು ಬಿದ್ದಾಗ ಸವಾರರು ಅದಕ್ಕೆ ಕಟ್ಟಿಹಾಕಿದಂತೆ ಉಳಿಯಬಾರದು. ಬಿಸಿಯನ್ನು ಏರಿಳಿಸುವ ಕಂಟ್ರೋಲರ್ ಕೂಡ ಗಮನಕ್ಕೆ ಅರ್ಹ. ಬರಿಯ ಸ್ವಿಚ್ ಇರುವ ಉಡುಪು ಒಮ್ಮೆ ಸುಡುತ್ತದೆ, ಒಮ್ಮೆ ನಡುಗಿಸುತ್ತದೆ; ಒಳ್ಳೆಯ ಕಂಟ್ರೋಲರ್ ವಿದ್ಯುತ್ತನ್ನು ಸೆಕೆಂಡಿನೊಳಗೆ ಹಲವು ಬಾರಿ ಬಿಟ್ಟು ನಿಲ್ಲಿಸುತ್ತಾ, ಬಿಟ್ಟಿರುವ ಕಾಲದ ಪ್ರಮಾಣವನ್ನು ಬದಲಿಸಿ ಸರಾಸರಿ ಬಿಸಿಯನ್ನು ಬೇಕಾದಷ್ಟಕ್ಕೆ ನಿಲ್ಲಿಸುತ್ತದೆ. ಜಾಕೆಟ್ಟಿಗೊಂದು, ಕೈಗವಸಿಗೊಂದು ಎಂದು ಎರಡು ಗುಂಡಿಗಳಿರುವ ಕಂಟ್ರೋಲರಿಗೆ ಸ್ವಲ್ಪ ಹೆಚ್ಚು ಕೊಡುವುದು ನಷ್ಟವಲ್ಲ. ದಪ್ಪ ಕೈಗವಸು ತೊಟ್ಟೇ ಆ ಗುಂಡಿಗಳನ್ನು ತಿರುಗಿಸಲು ಬರುತ್ತದೆಯೇ ಎಂದು ಅಂಗಡಿಯಲ್ಲೇ ನೋಡಿಕೊಳ್ಳಬೇಕು.

ಬೈಕಿನ ಹಂಗಿಲ್ಲದೆ ಸ್ವಂತ ಬ್ಯಾಟರಿಯಿಂದ ಬಿಸಿಯಾಗುವ ಉಡುಪುಗಳೂ ಪೇಟೆಯಲ್ಲಿ ಸಾಕಷ್ಟಿವೆ. ಇವು ಸಾಮಾನ್ಯವಾಗಿ 7.4 ವೋಲ್ಟಿನ ಲಿಥಿಯಂ-ಅಯಾನ್ ಬ್ಯಾಟರಿ ಬಳಸುತ್ತವೆ. ಅಂಥ ಬ್ಯಾಟರಿ ಮೂರು ಆಂಪಿಯರ್-ಗಂಟೆಯದಾದರೆ ಅದರಲ್ಲಿರುವುದು ಸುಮಾರು 22 ವ್ಯಾಟ್-ಗಂಟೆ. 10 ವ್ಯಾಟ್ ಬಳಸುವ ಕೈಗವಸಿಗೆ ಎರಡು ಗಂಟೆಗೆ ಸಾಕು, 75 ವ್ಯಾಟಿನ ಜಾಕೆಟ್ಟಿಗೆ ಇಪ್ಪತ್ತು ನಿಮಿಷಕ್ಕೂ ಸಾಲದು. ಹಾಗಾಗಿಯೇ ಬ್ಯಾಟರಿ ಜಾಕೆಟ್ಟುಗಳ ಬಿಸಿ ತೀರ ಮಿತವಾಗಿರುತ್ತದೆ. ಮನೆಯಿಂದ ಕಚೇರಿಗೆ ಅರ್ಧ ಗಂಟೆ ಸವಾರಿ ಮಾಡುವವರಿಗೆ, ಹಿಂದೆ ಕುಳಿತು ಬರುವವರಿಗೆ, ಬೈಕಿನ ವಿದ್ಯುತ್ತಿನಲ್ಲಿ ಮಿಗುವುದೇ ಇಲ್ಲದವರಿಗೆ ಇವು ಒಪ್ಪುತ್ತವೆ. ದಿನವಿಡೀ ಓಡುವವರಿಗೆ ಬೈಕಿನ 12 ವೋಲ್ಟ್ ವಿದ್ಯುತ್ತಿನಿಂದ ಬಿಸಿಯಾಗುವ ಉಡುಪೇ ಗತಿ. ‘ದೂರ ಅವಕೆಂಪು ಕಿರಣ’ದ ವಿಶೇಷ ಗುಣವೆಂದು ಕೆಲವು ಉಡುಪುಗಳ ಜಾಹೀರಾತು ಹೇಳುವ ಮಾತಿಗೆ ಹೆಚ್ಚು ಬೆಲೆ ಕೊಡಬೇಕಾಗಿಲ್ಲ, ಬೆಚ್ಚಗಿರುವ ಯಾವ ಬಟ್ಟೆಯೂ ಅಂಥ ಕಿರಣಗಳನ್ನು ಸೂಸುತ್ತದೆ. ಎಷ್ಟು ವ್ಯಾಟ್, ದೇಹದ ಎಷ್ಟು ಭಾಗದ ಮೇಲೆ ಹರಡಿದೆ ಎಂಬುದು ಮಾತ್ರ ಮುಖ್ಯ.

ಹರಡುವಿಕೆ ತಂತಿಯ ಬಗೆಯನ್ನು ಅವಲಂಬಿಸಿದೆ. ಕೂದಲಿನಷ್ಟು ಸಣ್ಣ ಉಕ್ಕಿನ ಎಳೆಗಳನ್ನು ಹೊಸೆದ ತಂತಿ ಅಥವಾ ಕಾರ್ಬನ್ ನಾರಿನ ಪಟ್ಟಿ ಪದೇ ಪದೇ ಮಡಚಿದರೂ ಮುರಿಯದೆ ಬಾಳುತ್ತದೆ. ಬೆನ್ನು ಮತ್ತು ಎದೆಯ ಜೊತೆಗೆ ಕೊರಳಪಟ್ಟಿಯಲ್ಲೂ ಬಿಸಿಯಿರುವ ಜಾಕೆಟ್ ಆರಿಸುವುದು ಮೇಲು. ಚರ್ಮಕ್ಕೆ ಹತ್ತಿರದಲ್ಲೇ ದೊಡ್ಡ ರಕ್ತನಾಳಗಳು ಹಾದುಹೋಗುವ ಕುತ್ತಿಗೆಗೇ ಹೆಲ್ಮೆಟ್ಟಿನ ಕೆಳಗಿನ ಗಾಳಿ ನೇರವಾಗಿ ಹೊಡೆಯುತ್ತದೆ. ಎಲ್ಲಕ್ಕಿಂತ ಮಿಗಿಲಾದದ್ದು ಅಳತೆ. ಹೀಟೆಡ್ ಜಾಕೆಟ್ ಎಂಬುದು ನಿಜದಲ್ಲಿ ಒಳಜಾಕೆಟ್. ತೆಳುವಾದ ಒಂದೇ ಒಳಅಂಗಿಯ ಮೇಲೆ ಅದು ಮೈಗೆ ಅಪ್ಪಿಕೊಂಡಿರಬೇಕು. ಸಡಿಲವಾಗಿದ್ದರೆ, ಅಥವಾ ಒಳಗೆ ದಪ್ಪ ಸ್ವೆಟರ್ ಹಾಕಿ ಅದರ ಮೇಲೆ ತೊಟ್ಟರೆ, ಚಳಿಯನ್ನು ತಡೆಯಬೇಕಾದ ಸ್ವೆಟರ್ ಬಿಸಿಯನ್ನೇ ಮೈಗೆ ಬಾರದಂತೆ ತಡೆಯುತ್ತದೆ. ಸ್ವೆಟರ್ ಇರಬೇಕಾದ್ದು ಬಿಸಿಪದರದ ಹೊರಗೆ, ಗಾಳಿ ತಡೆಯುವ ಜಾಕೆಟ್ಟಿನ ಒಳಗೆ. ಒಳಅಂಗಿ ಹತ್ತಿಯದಾಗಿರಬಾರದು, ಬೆವರನ್ನು ಹೀರಿ ಒದ್ದೆಯಾಗಿಯೇ ಉಳಿಯುವ ಹತ್ತಿ, ಬಿಸಿ ಆರಿಸಿದೊಡನೆ ಮೈಯನ್ನು ತಣ್ಣಗಾಗಿಸುತ್ತದೆ. ತೆಳು ಉಣ್ಣೆ ಅಥವಾ ಬೆವರನ್ನು ಹೊರಗೆ ಸಾಗಿಸುವ ಪಾಲಿಯೆಸ್ಟರ್ ಒಳ್ಳೆಯದು.

ಜಾಕೆಟ್ಟಿನ ನಂತರವೇ ಕೈಗವಸಿನ ಸರದಿ. ಹ್ಯಾಂಡಲ್ ಹಿಡಿಕೆಯನ್ನೇ ಬಿಸಿಮಾಡುವ ಹೀಟೆಡ್ ಗ್ರಿಪ್ಪುಗಳು ಅಂಗೈಯನ್ನು ಕಾಯಿಸುತ್ತವೆ, ಆದರೆ ಗಾಳಿ ಹೊಡೆಯುವುದು ಕೈಯ ಹಿಂಬದಿಗೆ. ಕೈಗವಸಿನಲ್ಲಾದರೆ ತಂತಿ ಬೆರಳುಗಳ ಹೊರಬದಿಯಲ್ಲೇ ಓಡುತ್ತದೆ. ಗ್ರಿಪ್ ಈಗಾಗಲೇ ಇರುವ ಬೈಕಿಗೆ ಹ್ಯಾಂಡ್‌ಗಾರ್ಡ್ ಅಥವಾ ಹಿಡಿಕೆಯನ್ನೂ ಕೈಯನ್ನೂ ಒಟ್ಟಿಗೆ ಮುಚ್ಚುವ ಚೀಲ ಸೇರಿಸಿದರೆ ಬಹುಪಾಲು ಸವಾರರಿಗೆ ಅಷ್ಟು ಸಾಕು. ಹೀಟೆಡ್ ಕೈಗವಸು ಕೊಳ್ಳುವವರು ಬಿಸಿಯ ಜೊತೆಗೆ ರಕ್ಷಣೆಯನ್ನೂ ನೋಡಬೇಕು. ಮೋಟಾರ್ ಸೈಕಲ್ ಕೈಗವಸುಗಳ ಯುರೋಪಿನ ಮಾನದಂಡ ಇಎನ್ 13594ರ ಗುರುತು ಇಲ್ಲದ ಕೈಗವಸು ಎಷ್ಟೇ ಬೆಚ್ಚಗಿದ್ದರೂ ಬಿದ್ದಾಗ ಕೈಯನ್ನು ಉಳಿಸುತ್ತದೆಂದು ನಂಬಲಾಗದು.

ಬಿಸಿಯೂ ಗಾಯ ಮಾಡಬಲ್ಲದು. 1947ರಲ್ಲಿ ಪ್ರಕಟವಾದ ಮೊರಿಟ್ಜ್ ಮತ್ತು ಹೆನ್ರಿಕೆಸ್ ಎಂಬ ಅಮೆರಿಕದ ಸಂಶೋಧಕರ ಅಧ್ಯಯನ, ಚರ್ಮ 44 ಡಿಗ್ರಿಯಲ್ಲೇ ಸುಮಾರು ಆರು ಗಂಟೆ ಉಳಿದರೆ ಸುಟ್ಟಗಾಯವಾಗುತ್ತದೆಂದು ತೋರಿಸಿತು. ಮುಟ್ಟಿದರೆ ಹಿತವೆನಿಸುವ ಬಿಸಿಗೂ ಈ ಅಪಾಯಕ್ಕೂ ಅಂತರ ಕೆಲವೇ ಡಿಗ್ರಿಗಳದು. ಸಕ್ಕರೆ ಕಾಯಿಲೆಯಿಂದ ಕೈಕಾಲಿನ ಸ್ಪರ್ಶ ಕುಂದಿದವರು ಸುಡುತ್ತಿರುವುದನ್ನೇ ಅರಿಯದೆ ಇರಬಹುದಾದ್ದರಿಂದ, ವೈದ್ಯರನ್ನು ಕೇಳದೆ ಹೀಟೆಡ್ ಕೈಗವಸು, ಕಾಲುಚೀಲಗಳನ್ನು ಬಳಸಬಾರದು. ಇತರರು ಕೂಡ ಇನ್ನೇನು ಚಳಿಯಾಗುತ್ತದೆ ಎನ್ನುವಷ್ಟರ ಮಟ್ಟಿಗೆ ಬಿಸಿಯನ್ನು ಇಟ್ಟುಕೊಂಡು, ಚಳಿ ಮೈಗಿಳಿಯುವ ಮುನ್ನವೇ ಅದನ್ನು ಶುರುಮಾಡಬೇಕು. ಒಮ್ಮೆ ನಡುಕ ಹಿಡಿದ ದೇಹವನ್ನು ಮತ್ತೆ ಬೆಚ್ಚಗಾಗಿಸಲು ಜಾಕೆಟ್ಟೊಂದನ್ನೇ ನೆಚ್ಚಿಕೊಳ್ಳಬಾರದು; ಅದಕ್ಕೆ ಬೈಕ್ ನಿಲ್ಲಿಸಿ ಬೆಚ್ಚನೆಯ ಕೋಣೆಯನ್ನು ಸೇರಬೇಕು.

ಕರ್ನಾಟಕದೊಳಗಿನ ಸವಾರಿಗೆ ಇದಾವುದರ ಅಗತ್ಯವೂ ಇಲ್ಲವೆಂದು ನೇರವಾಗಿಯೇ ಹೇಳಬಹುದು. ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ತಾಪಮಾನ 1884ರ ಜನವರಿಯ 7.8 ಡಿಗ್ರಿ. ಚಿಕ್ಕಮಗಳೂರಿನ ಕಡೆಗೆ ಹೊರಟ ಡಿಸೆಂಬರ್ ಮುಂಜಾವಿನ 12 ಡಿಗ್ರಿಯಲ್ಲಿ, 80 ಕಿ.ಮೀ. ವೇಗದಲ್ಲೂ ವಿಂಡ್ ಚಿಲ್ 7 ಡಿಗ್ರಿಯ ಆಸುಪಾಸಿನದೇ. ಗಾಳಿ ತಡೆಯುವ ಜಾಕೆಟ್ಟು, ಒಂದು ಸ್ವೆಟರ್, ಕೊರಳಿಗೊಂದು ಬಟ್ಟೆಯಿದ್ದರೆ ಬಿಸಿಲೇರುವವರೆಗೆ ಕಾಲ ತಳ್ಳಬಹುದು. ಮ್ಯೂನಿಕ್ಕಿನಲ್ಲೋ ಟೊರಾಂಟೊದಲ್ಲೋ ನೆಲೆಸಿ ಬೈಕ್ ಓಡಿಸುವ ಕನ್ನಡಿಗರ ಮಾತು ಬೇರೆ. ಲಡಾಖಿಗೆ ಹೊರಟವರ ಮಾತೂ ಬೇರೆಯೇ. ಎತ್ತರ ಸಾವಿರ ಮೀಟರ್ ಏರಿದಂತೆ ತಾಪಮಾನ ಸರಾಸರಿ ಆರೂವರೆ ಡಿಗ್ರಿ ಇಳಿಯುವುದರಿಂದ, 3,500 ಮೀಟರಿನ ಲೇಹ್ ಪಟ್ಟಣದಲ್ಲಿ 15 ಡಿಗ್ರಿಯಿರುವಾಗ 5,359 ಮೀಟರಿನ ಖಾರ್ದುಂಗ್ ಲಾ ಕಣಿವೆದಾರಿಯಲ್ಲಿ ಮೂರು ಡಿಗ್ರಿ, 5,798 ಮೀಟರಿನ ಉಮ್ಲಿಂಗ್ ಲಾದಲ್ಲಿ ಸೊನ್ನೆಯಿರುವುದು ಲೆಕ್ಕದಿಂದಲೇ ತಿಳಿಯುತ್ತದೆ. ಬೇಸಿಗೆಯಲ್ಲೂ ಅಲ್ಲಿ ಹಿಮ ಬೀಳುತ್ತದೆ. ಆದರೆ ಆ ದಾರಿಗಳಲ್ಲಿ ವೇಗ 20-30 ಕಿ.ಮೀ. ದಾಟುವುದು ಕಷ್ಟ, ಎತ್ತರದಲ್ಲಿ ಕಳೆಯುವ ಹೊತ್ತೂ ದೀರ್ಘವಲ್ಲ. ಆದ್ದರಿಂದ ಬೇಸಿಗೆಯ ಲಡಾಖಿಗೆ ಒಂದು ತೆಳು ಹೀಟೆಡ್ ವೆಸ್ಟ್ ಧಾರಾಳವಾಯಿತು, ಪೂರ್ಣ ಸೂಟಿನ ಗೊಡವೆ ಬೇಡ. ಹಳ್ಳ ದಾಟುವಾಗ ನೀರು ತಾಗುವ ಕಡೆ ಪ್ಲಗ್ಗುಗಳಿರದಂತೆ ಎಚ್ಚರ ವಹಿಸಬೇಕು. ತಂತಿ ತುಂಡಾಗಿ ಬಿಸಿ ನಿಂತರೂ ಮುಂದಿನ ಊರನ್ನು ಮುಟ್ಟುವಷ್ಟು ಮಾಮೂಲಿ ಬೆಚ್ಚನೆಯ ಬಟ್ಟೆ ಚೀಲದಲ್ಲಿ ಇರಲೇಬೇಕು.

ವಿಮಾನದಲ್ಲಿ ಲೇಹ್‌ಗೆ ಹೋಗಿ ಅಲ್ಲಿಯೇ ಬೈಕ್ ಬಾಡಿಗೆಗೆ ಪಡೆಯುವವರು, ಬ್ಯಾಟರಿಗೆ ತಂತಿ ಜೋಡಿಸಲು ಬೈಕಿನ ಮಾಲೀಕರ ಒಪ್ಪಿಗೆಯನ್ನು ಹೊರಡುವ ಮುನ್ನವೇ ಪಡೆದಿರಬೇಕು. ಒಪ್ಪಿಗೆ ಸಿಗದಿದ್ದರೆ ಸ್ವಂತ ಬ್ಯಾಟರಿಯ ವೆಸ್ಟ್ ಒಂದೇ ದಾರಿ. ಅದರ ಬಿಡಿ ಲಿಥಿಯಂ ಬ್ಯಾಟರಿಗಳನ್ನು ಚೆಕ್-ಇನ್ ಸಾಮಾನಿನಲ್ಲಿ ಹಾಕದೆ ಕೈಚೀಲದಲ್ಲೇ ಇಟ್ಟುಕೊಳ್ಳಬೇಕು; ಒಂದೊಂದು ಬ್ಯಾಟರಿಯೂ 100 ವ್ಯಾಟ್-ಗಂಟೆಯ ಒಳಗಿದ್ದರೆ ವಿಮಾನ ಸಂಸ್ಥೆಯ ಪ್ರತ್ಯೇಕ ಅನುಮತಿ ಬೇಕಾಗುವುದಿಲ್ಲ. ಸೊನ್ನೆ ಡಿಗ್ರಿಗಿಂತ ತಣ್ಣಗಿರುವಾಗ ಚಾರ್ಜ್ ಮಾಡಿದರೆ ಈ ಬ್ಯಾಟರಿಗಳು ಒಳಗಿಂದೊಳಗೇ ಶಾಶ್ವತವಾಗಿ ಹಾಳಾಗುತ್ತವೆ. ಆದ್ದರಿಂದ ರಾತ್ರಿ ಡೇರೆಯಲ್ಲಿ ತಂಗುವವರು ಅವುಗಳನ್ನು ಮಲಗುಚೀಲದೊಳಗೆ ಮೈಗೆ ಹತ್ತಿರ ಇಟ್ಟುಕೊಂಡು, ಬೆಚ್ಚಗಾದ ಮೇಲಷ್ಟೇ ಚಾರ್ಜರಿಗೆ ಹಾಕಬೇಕು.